ವರದಿಗಳೆಲ್ಲ ಸರಿಯಿದ್ದರೂ ದೇಹಕ್ಕೆ ತೊಂದರೆ: ಇದು ಆತಂಕವೇ ಎಂದು ತಿಳಿಯುವುದು ಹೇಗೆ?

ಚರ್ಚೆ ಆರಂಭಿಸಿದವರು

ಎಲ್ಲರಿಗೂ ನಮಸ್ಕಾರ. ಕೆಲವು ತಿಂಗಳುಗಳಿಂದ ನನ್ನನ್ನು ಕಾಡುತ್ತಿರುವ ತೊಂದರೆಯೊಂದನ್ನು ಇಲ್ಲಿ ಬರೆಯುತ್ತಿದ್ದೇನೆ. ಸುಮ್ಮನೆ ಕುಳಿತಿರುವಾಗಲೇ ಎದೆ ಡವಡವ ಹೊಡೆದುಕೊಳ್ಳತೊಡಗುತ್ತದೆ. ಉಸಿರು ಪೂರ್ತಿಯಾಗಿ ಒಳಗೆ ಹೋಗುತ್ತಿಲ್ಲ ಎನಿಸಿ ಮತ್ತೆ ಮತ್ತೆ ದೀರ್ಘವಾಗಿ ಉಸಿರೆಳೆದುಕೊಳ್ಳುತ್ತೇನೆ. ಸ್ವಲ್ಪ ಹೊತ್ತಿನಲ್ಲಿ ಬೆರಳ ತುದಿಗಳಲ್ಲೂ ತುಟಿಯ ಸುತ್ತಲೂ ಜುಮುಜುಮು ಎನ್ನುತ್ತದೆ, ತಲೆ ಹಗುರವಾಗಿ ತೇಲಿದಂತಾಗುತ್ತದೆ. ಇದಲ್ಲದೆ ದಿನದ ಬಹುಪಾಲು ಗಂಟಲಿನಲ್ಲಿ ಏನೋ ಸಿಕ್ಕಿಕೊಂಡಂತಿರುತ್ತದೆ.

ವೈದ್ಯರು ಪರೀಕ್ಷಿಸಿ ಇಸಿಜಿ, ರಕ್ತಪರೀಕ್ಷೆ, ಥೈರಾಯ್ಡ್ ಪರೀಕ್ಷೆಗಳನ್ನು ಮಾಡಿಸಿದರು. ಯಾವುದರಲ್ಲೂ ದೋಷ ಕಂಡುಬರಲಿಲ್ಲ. ಕೊನೆಗೆ ‘ಟೆನ್ಷನ್ ಇರಬಹುದು’ ಎಂದರು. ಆದರೆ ನನಗೆ ಹೇಳಿಕೊಳ್ಳುವಂತಹ ಚಿಂತೆ ಏನೂ ಇಲ್ಲ, ಕೆಲಸದ ಒತ್ತಡ ಎಲ್ಲರಿಗೆ ಇರುವಷ್ಟೇ ನನಗೂ ಇದೆ. ಮನಸ್ಸಿನಲ್ಲಿ ಭಯವೇ ಇಲ್ಲದಿರುವಾಗ ದೇಹವು ಹೀಗೆ ವರ್ತಿಸಲು ಸಾಧ್ಯವೇ? ವರದಿಯಲ್ಲಿ ಏನೂ ಇಲ್ಲವೆಂದಾಕ್ಷಣ ಅದನ್ನು ಆತಂಕವೆಂದು ಒಪ್ಪಿಕೊಳ್ಳಬೇಕೇ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ಶರೀರಶಾಸ್ತ್ರದ ನಿವೃತ್ತ ಅಧ್ಯಾಪಕರು

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ, ಹೌದು, ಸಾಧ್ಯ. ಎರಡನೆಯದನ್ನು ಚಿಕಿತ್ಸೆ ನೀಡುವ ವೈದ್ಯರು ಹೇಳುವುದೇ ಸೂಕ್ತ. ನಾನು ಬಹುಕಾಲ ಪಾಠ ಮಾಡಿದ ವಿಷಯಕ್ಕೆ ಸೀಮಿತನಾಗಿ, ನಿಮ್ಮ ಒಂದೊಂದು ಲಕ್ಷಣದ ಹಿಂದೆ ದೇಹದೊಳಗೆ ಏನು ನಡೆಯಬಹುದು ಎಂಬುದನ್ನು ವಿವರಿಸುತ್ತೇನೆ. ‘ಇದೆಲ್ಲ ಬರೀ ಭ್ರಮೆ’ ಎಂಬ ಮಾತನ್ನು ಯಾರಾದರೂ ನಿಮಗೆ ಹೇಳಿದ್ದರೆ ಅದನ್ನು ಮೊದಲು ಮರೆತುಬಿಡಿ. ಆತಂಕದಿಂದ ಬರುವ ಎದೆಬಡಿತವೂ ನಿಜವಾದ ಎದೆಬಡಿತವೇ. ಅದನ್ನು ಉಪಕರಣದಿಂದ ಅಳೆಯಬಹುದು.

ಅಪಾಯದ ಸುಳಿವು ಸಿಕ್ಕಾಗ ಮೆದುಳಿನ ಆಳದಲ್ಲಿರುವ ಅಮಿಗ್ಡಲ ಮುಂತಾದ ಭಾಗಗಳು ಕ್ಷಣಾರ್ಧದಲ್ಲಿ ಎಚ್ಚೆತ್ತು, ಸಿಂಪಥೆಟಿಕ್ ನರವ್ಯೂಹದ ಮೂಲಕ ಇಡೀ ದೇಹಕ್ಕೆ ಸೂಚನೆ ಕಳುಹಿಸುತ್ತವೆ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸ್ರವಿಸುತ್ತವೆ. ಹೃದಯ ವೇಗವಾಗಿ, ಜೋರಾಗಿ ಬಡಿಯುತ್ತದೆ. ರಕ್ತವು ಕೈಕಾಲುಗಳ ದೊಡ್ಡ ಸ್ನಾಯುಗಳತ್ತ ಹರಿಯುತ್ತದೆ. ಜೀರ್ಣಕ್ರಿಯೆ ಹಿಂದೆ ಸರಿಯುತ್ತದೆ. ಬೆವರು ಬರುತ್ತದೆ, ಬಾಯಿ ಒಣಗುತ್ತದೆ, ಕೈ ನಡುಗುತ್ತದೆ. ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಅವರು 1915ರಲ್ಲಿ ವಿವರಿಸಿದ ‘ಹೋರಾಡು ಇಲ್ಲವೇ ಓಡು’ ಎಂಬ ಸಿದ್ಧತೆ ಇದೇ. ಈ ಏರ್ಪಾಡು ನಮ್ಮ ಆಲೋಚನೆಯ ಅಪ್ಪಣೆಗಾಗಿ ಕಾಯುವುದಿಲ್ಲ. ಆದ್ದರಿಂದಲೇ ‘ನಾನು ಹೆದರಿದ್ದೇನೆ’ ಎಂಬ ಅರಿವು ಮೂಡುವ ಮೊದಲೇ, ಕೆಲವೊಮ್ಮೆ ಅಂತಹ ಅರಿವೇ ಇಲ್ಲದೆ, ದೇಹವು ಸಿದ್ಧವಾಗಿಬಿಡಬಹುದು.

ಈಗ ಉಸಿರಾಟದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ವರ್ಣನೆಯಲ್ಲಿ ನನ್ನ ಗಮನವನ್ನು ಹೆಚ್ಚು ಸೆಳೆದದ್ದು ಅದೇ. ಗಾಳಿ ಸಾಲದೆಂದು ನಾವು ಮತ್ತೆ ಮತ್ತೆ ದೀರ್ಘವಾಗಿ ಉಸಿರಾಡಿದಾಗ ರಕ್ತಕ್ಕೆ ಹೆಚ್ಚು ಆಮ್ಲಜನಕವೇನೂ ಸೇರುವುದಿಲ್ಲ, ಅದು ಆಗಲೇ ಬಹುಮಟ್ಟಿಗೆ ತುಂಬಿರುತ್ತದೆ. ಬದಲಿಗೆ ಇಂಗಾಲದ ಡೈಆಕ್ಸೈಡ್ ಅಗತ್ಯಕ್ಕಿಂತ ಹೆಚ್ಚಾಗಿ ಹೊರಹೋಗುತ್ತದೆ. ಅದರಿಂದ ರಕ್ತದ ಆಮ್ಲೀಯತೆ ಕಡಿಮೆಯಾಗಿ, ರಕ್ತದಲ್ಲಿ ಸ್ವತಂತ್ರವಾಗಿರುವ ಕ್ಯಾಲ್ಸಿಯಂ ಅಯಾನುಗಳ ಪ್ರಮಾಣವೂ ಇಳಿಯುತ್ತದೆ, ಆಗ ನರಗಳು ಸಣ್ಣ ಪ್ರಚೋದನೆಗೂ ಮಿಡಿಯತೊಡಗುತ್ತವೆ. ಬೆರಳು ಮತ್ತು ತುಟಿಗಳ ಜುಮುಜುಮು ಅಲ್ಲಿಂದ ಬರುತ್ತದೆ. ತೀವ್ರವಾದರೆ ಬೆರಳುಗಳು ಸೆಟೆದುಕೊಳ್ಳುವುದೂ ಉಂಟು. ಇಂಗಾಲದ ಡೈಆಕ್ಸೈಡ್ ಇಳಿದಾಗ ಮೆದುಳಿನ ರಕ್ತನಾಳಗಳು ಸಂಕುಚಿಸುವುದರಿಂದ ತಲೆ ಹಗುರವೆನಿಸುತ್ತದೆ. ಇಷ್ಟಾಗುವಾಗ ‘ನನಗೆ ಗಾಳಿ ಸಾಲುತ್ತಿಲ್ಲ’ ಎಂಬ ಅನಿಸಿಕೆ ಇನ್ನೂ ಬಲವಾಗಿ, ವ್ಯಕ್ತಿ ಇನ್ನಷ್ಟು ಉಸಿರಾಡುತ್ತಾನೆ. ಉಸಿರು ಕಟ್ಟಿದೆ ಎನ್ನುವವರ ಬೆರಳಿಗೆ ಆ ಹೊತ್ತಿನಲ್ಲೇ ಆಕ್ಸಿಮೀಟರ್ ಹಾಕಿದರೆ ಅಂಕಿ ಸಾಮಾನ್ಯ ಮಟ್ಟದಲ್ಲೇ ಇರುವುದರ ಕಾರಣ ಇದು.

ಗಂಟಲಿನ ಗಂಟಿನ ಬಗ್ಗೆ ಒಂದು ಸೂಕ್ಷ್ಮವನ್ನು ಗಮನಿಸಿ. ಗಂಟಲು ಮತ್ತು ಅನ್ನನಾಳದ ಮೇಲ್ಭಾಗದ ಸ್ನಾಯುಗಳು ಬಿಗಿದುಕೊಂಡಾಗ ಬರುವ ಈ ಅನುಭವ ಬರಿದೇ ಎಂಜಲು ನುಂಗುವಾಗ ಹೆಚ್ಚಾಗಿ ತೋರುತ್ತದೆ, ಊಟ ಮಾಡುವಾಗ ಕಡಿಮೆಯಾಗುತ್ತದೆ ಅಥವಾ ಮರೆತೇ ಹೋಗುತ್ತದೆ. ಅನ್ನನಾಳದಲ್ಲಿ ನಿಜವಾದ ಅಡಚಣೆ ಇದ್ದವರಿಗೆ ಇದರ ವಿರುದ್ಧವಾಗಿ ಆಹಾರವೇ ಸಿಕ್ಕಿಕೊಳ್ಳುತ್ತದೆ.

ಇದೆಲ್ಲ ಹೊಸದಾಗಿ ಕಂಡುಬಂದ ಸಮಸ್ಯೆಯೂ ಅಲ್ಲ. ಅಮೆರಿಕದ ಅಂತರ್ಯುದ್ಧದ ಸೈನಿಕರು ಎದೆನೋವು, ಎದೆಬಡಿತ, ಉಬ್ಬಸ, ಬಳಲಿಕೆಗಳಿಂದ ಆಸ್ಪತ್ರೆ ಸೇರುತ್ತಿದ್ದರೂ ಅವರಲ್ಲಿ ಹೃದಯದ ಕಾಯಿಲೆ ಕಾಣದಿದ್ದುದನ್ನು ಜೇಕಬ್ ಡ ಕೋಸ್ಟ ಎಂಬ ವೈದ್ಯರು 1871ರಲ್ಲಿಯೇ ದಾಖಲಿಸಿದ್ದರು.

ಉತ್ತರ: ಥೈರಾಯ್ಡ್ ತೊಂದರೆ ಇರುವ ಸದಸ್ಯೆ

ಅಧ್ಯಾಪಕರ ವಿವರಣೆ ನನಗೂ ಉಪಯುಕ್ತವಾಯಿತು. ಆದರೂ ಈ ಚರ್ಚೆಯಲ್ಲಿ ಒಂದು ಎಚ್ಚರಿಕೆಯ ದನಿ ಇರಲೇಬೇಕು ಎನಿಸಿದ್ದರಿಂದ ಬರೆಯುತ್ತಿದ್ದೇನೆ. ಎದೆಬಡಿತ, ಕೈನಡುಕ, ಬೆವರು, ನಿದ್ದೆ ಬಾರದಿರುವುದು, ಸಣ್ಣ ಮಾತಿಗೂ ರೇಗುವುದು ಇವೆಲ್ಲ ನನಗಿದ್ದವು. ಮೊದಲು ನೋಡಿದವರು ಮಾತನಾಡಿಸಿ, ಮನೆಯ ಪರಿಸ್ಥಿತಿ ವಿಚಾರಿಸಿ, ಆತಂಕ ಎಂದು ತೀರ್ಮಾನಿಸಿ ಕಳುಹಿಸಿದರು. ಹೊಟ್ಟೆ ತುಂಬ ಊಟ ಮಾಡುತ್ತಿದ್ದರೂ ತೂಕ ಇಳಿಯುತ್ತಿದ್ದುದನ್ನು ನಾನು ಹೇಳಿದ್ದೆ, ಅದಕ್ಕೆ ಮಹತ್ವ ಸಿಗಲಿಲ್ಲ. ಮತ್ತೊಬ್ಬ ವೈದ್ಯರು ಟಿಎಸ್‌ಎಚ್ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿರುವುದು ತಿಳಿಯಿತು. ಅದಕ್ಕೆ ಔಷಧಿ ಆರಂಭಿಸಿದ ಮೇಲೆ ನಡುಕವೂ ಹೋಯಿತು, ‘ಆತಂಕ’ವೂ ಹೋಯಿತು.

ಆದ್ದರಿಂದ ಇಲ್ಲಿ ಓದುತ್ತಿರುವವರು, ಅದರಲ್ಲೂ ಮಹಿಳೆಯರು, ಪರೀಕ್ಷೆಗೆ ಮೊದಲೇ ಬರುವ ‘ಟೆನ್ಷನ್’ ಎಂಬ ಮಾತನ್ನು ಸುಲಭವಾಗಿ ಒಪ್ಪಿಕೊಳ್ಳಬಾರದೆಂದು ವಿನಂತಿಸುತ್ತೇನೆ. ಹೃದಯಾಘಾತವಾದಾಗ ಎದೆನೋವಿನ ಜೊತೆಗೆ ವಾಕರಿಕೆ, ಉಬ್ಬಸ, ಬೆನ್ನು ಅಥವಾ ದವಡೆಯ ನೋವು, ವಿಪರೀತ ಸುಸ್ತು ಕಾಣಿಸಿಕೊಳ್ಳುವುದು ಮಹಿಳೆಯರಲ್ಲಿ ಹೆಚ್ಚು, ಅಂತಹ ಸಂದರ್ಭದಲ್ಲಿ ಅದನ್ನು ಗಾಬರಿ ಎಂದು ತಳ್ಳಿಹಾಕಿದರೆ ಜೀವಕ್ಕೇ ಕುತ್ತು.

ಉತ್ತರ: ಕುಟುಂಬ ವೈದ್ಯೆ

ಮೇಲಿನ ಸದಸ್ಯೆಯ ಮಾತನ್ನು ನಾನು ಪೂರ್ಣವಾಗಿ ಸಮರ್ಥಿಸುತ್ತೇನೆ. ಚರ್ಚೆ ಆರಂಭಿಸಿದವರ ಎರಡನೆಯ ಪ್ರಶ್ನೆಗೂ ಅದರಲ್ಲಿಯೇ ಉತ್ತರದ ಅರ್ಧಭಾಗವಿದೆ. ‘ವರದಿಯಲ್ಲಿ ಏನೂ ಸಿಗಲಿಲ್ಲ, ಆದ್ದರಿಂದ ಆತಂಕ’ ಎಂಬ ತರ್ಕ ದುರ್ಬಲವಾದುದು. ಆತಂಕಕ್ಕೆ ಅದರದೇ ಆದ ಗುರುತುಗಳಿವೆ, ಅವು ಸಿಕ್ಕರೆ ಮಾತ್ರ ಆತಂಕವೆನ್ನಬೇಕು. ಅವು ಸಿಗದಿದ್ದರೆ ‘ಕಾರಣ ಇನ್ನೂ ತಿಳಿದಿಲ್ಲ, ಗಮನಿಸುತ್ತಿರೋಣ’ ಎನ್ನುವುದೇ ಪ್ರಾಮಾಣಿಕವಾದ ಉತ್ತರ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ತನ್ನ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯನ್ನು ಹೊರತಂದಾಗ ದೈಹಿಕ ಲಕ್ಷಣಗಳ ಕುರಿತ ಅಧ್ಯಾಯದಲ್ಲಿ ಮಾಡಿದ ಮುಖ್ಯ ಬದಲಾವಣೆಯೂ ಇದೇ ದಿಕ್ಕಿನದು: ಲಕ್ಷಣಕ್ಕೆ ವೈದ್ಯಕೀಯ ಕಾರಣ ಸಿಗಲಿಲ್ಲವೆಂಬುದಕ್ಕೆ ಇದ್ದ ಪ್ರಾಧಾನ್ಯವನ್ನು ಕೈಬಿಟ್ಟು, ಆ ಲಕ್ಷಣದ ಸುತ್ತ ವ್ಯಕ್ತಿಯಲ್ಲಿ ಬೆಳೆದಿರುವ ಆಲೋಚನೆ, ಭಾವನೆ ಮತ್ತು ವರ್ತನೆಗಳಿಗೆ ಒತ್ತು ನೀಡಲಾಯಿತು.

ಹಾಗಾದರೆ ಆ ಗುರುತುಗಳು ಯಾವುವು? ನಾನು ಮೊದಲು ಕೇಳುವುದು ಕಾಲದ ಬಗ್ಗೆ. ಪ್ಯಾನಿಕ್ ಅಟ್ಯಾಕ್ ಇದ್ದಕ್ಕಿದ್ದಂತೆ ಆರಂಭವಾಗಿ ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿ, ಸಾಮಾನ್ಯವಾಗಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಇಳಿಯತೊಡಗುತ್ತದೆ, ಆಮೇಲೆ ದೇಹ ಹಿಂಡಿಹಾಕಿದಂತೆ ಸುಸ್ತಾಗುತ್ತದೆ. ಎರಡನೆಯದಾಗಿ, ಶ್ರಮದೊಂದಿಗೆ ಅದಕ್ಕಿರುವ ಸಂಬಂಧವನ್ನು ಕೇಳುತ್ತೇನೆ. ಮೆಟ್ಟಿಲು ಹತ್ತುವಾಗ, ಬಿರುಸಾಗಿ ನಡೆಯುವಾಗ ತೊಂದರೆ ಇಲ್ಲ, ಆದರೆ ಸುಮ್ಮನೆ ಕುಳಿತಾಗ, ಮಲಗಿದಾಗ, ಸಾಲಿನಲ್ಲಿ ನಿಂತಾಗ ಎದೆ ಹೊಡೆದುಕೊಳ್ಳುತ್ತದೆ ಎಂದರೆ ಅದು ಆತಂಕದ ಕಡೆಗೆ ವಾಲುತ್ತದೆ. ಶ್ರಮ ಪಟ್ಟಾಗ ಬಂದು ವಿಶ್ರಾಂತಿಯಿಂದ ಇಳಿಯುವ ಎದೆನೋವಿನಲ್ಲಿ ಹೃದಯದ ಕಡೆಗೇ ಮೊದಲು ನೋಡಬೇಕು. ಮೂರನೆಯದು ಲಕ್ಷಣಗಳ ಅಲೆದಾಟ. ಒಂದು ವಾರ ಎದೆ, ಮುಂದಿನ ವಾರ ಹೊಟ್ಟೆ, ಆಮೇಲೆ ತಲೆಸುತ್ತು ಹೀಗೆ ಒಂದು ಅಂಗದ ಭಯ ಕಳೆದಾಗ ಇನ್ನೊಂದು ಅಂಗದಲ್ಲಿ ತೊಂದರೆ ಕಾಣುವುದು. ಬೇರೆಡೆ ಪೂರ್ತಿ ಮನಸ್ಸಿಟ್ಟಾಗ, ಉದಾಹರಣೆಗೆ ಆಪ್ತರೊಂದಿಗೆ ಮಾತಿನಲ್ಲಿ ಮುಳುಗಿದಾಗ, ಲಕ್ಷಣ ಕಾಣೆಯಾಗುವುದು ಕೂಡ ಒಂದು ಸುಳಿವು. ಆದರೆ ಇದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ, ಏಕೆಂದರೆ ಗಮನ ಬೇರೆಡೆ ಹೋದಾಗ ಯಾವ ನೋವೂ ಸ್ವಲ್ಪ ಕಡಿಮೆ ಎನಿಸುತ್ತದೆ.

‘ನನಗೆ ಚಿಂತೆಯೇ ಇಲ್ಲ’ ಎನ್ನುವವರನ್ನು ನಾನು ಮೇಲಿಂದ ಮೇಲೆ ನೋಡುತ್ತೇನೆ, ಅವರು ಸುಳ್ಳು ಹೇಳುತ್ತಿರುವುದಿಲ್ಲ. ಅಂಥವರಿಗೆ ಚಿಂತೆಯ ಬಗ್ಗೆ ಕೇಳುವುದನ್ನು ಬಿಟ್ಟು ಬೇರೆ ಪ್ರಶ್ನೆಗಳನ್ನು ಕೇಳುತ್ತೇನೆ. ಬೆಳಿಗ್ಗೆ ಏಳುವಾಗ ದವಡೆ ಬಿಗಿದಿರುತ್ತದೆಯೇ? ಕತ್ತು, ಭುಜ ಸದಾ ನೋಯುತ್ತವೆಯೇ? ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುತ್ತದೆಯೇ? ಓದಿದ್ದು ತಲೆಗೆ ಹೋಗುತ್ತಿದೆಯೇ? ಮನೆಯವರು ‘ಈಚೆಗೆ ತುಂಬ ಸಿಡುಕುತ್ತೀರಿ’ ಎನ್ನುತ್ತಾರೆಯೇ? ಸ್ನಾಯುಗಳ ಬಿಗಿತ, ನಿದ್ರಾಭಂಗ, ಬೇಗ ದಣಿಯುವುದು, ಚಡಪಡಿಕೆ, ಏಕಾಗ್ರತೆ ಇಲ್ಲದಿರುವುದು, ಸಿಡುಕು ಇವು ಸಾಮಾನ್ಯೀಕೃತ ಆತಂಕದ ಗುರುತುಗಳು. ಅತಿಯಾದ, ಹಿಡಿತಕ್ಕೆ ಸಿಗದ ಚಿಂತೆಯೊಂದಿಗೆ ಇವುಗಳಲ್ಲಿ ಕನಿಷ್ಠ 3, ಬಹುತೇಕ ದಿನಗಳಲ್ಲಿ, 6 ತಿಂಗಳು ಅಥವಾ ಹೆಚ್ಚು ಕಾಲ ಇರಬೇಕು ಎಂಬುದು ಆ ಕೈಪಿಡಿಯ ಮಾನದಂಡ. ಅನೇಕರಲ್ಲಿ ಒತ್ತಡದ ದಿನಗಳು ಮುಗಿದು ಬಿಡುವು ಸಿಕ್ಕ ಮೇಲೆ ದೇಹ ದೂರಲು ತೊಡಗುತ್ತದೆ, ಆದ್ದರಿಂದಲೇ ಅವರಿಗೆ ಕಾರಣ ಕಾಣುವುದಿಲ್ಲ.

ಇನ್ನು ಆತಂಕದ ವೇಷದಲ್ಲಿ ಬರುವ ಕಾಯಿಲೆಗಳ ಬಗ್ಗೆ. ಥೈರಾಯ್ಡ್ ಅತಿಸ್ರಾವ, ರಕ್ತಹೀನತೆ, ಹೃದಯದ ಲಯದ ತೊಂದರೆಗಳು, ರಕ್ತದ ಸಕ್ಕರೆ ಇಳಿಯುವುದು, ಆಸ್ತಮಾ, ಒಳಕಿವಿಯ ಸಮತೋಲನದ ದೋಷ, ಬಿ12 ಜೀವಸತ್ವದ ಕೊರತೆ, ಋತುಬಂಧದ ಆಸುಪಾಸಿನ ಹಾರ್ಮೋನ್ ಏರುಪೇರು ಇವು ನಾನು ಮೊದಲು ಯೋಚಿಸುವಂಥವು. ಲಯದ ತೊಂದರೆ ಬಂದುಹೋಗುವಂಥದ್ದಾದರೆ, ಅದು ಇಲ್ಲದ ಹೊತ್ತಿನಲ್ಲಿ ತೆಗೆದ ಇಸಿಜಿ ಸರಿಯಾಗಿಯೇ ಇರುತ್ತದೆ. ಆಗ 24 ಗಂಟೆ ಅಥವಾ ಇನ್ನೂ ಹೆಚ್ಚು ಕಾಲ ಹೃದಯದ ಬಡಿತವನ್ನು ದಾಖಲಿಸುವ ಹೋಲ್ಟರ್ ಎಂಬ ಉಪಕರಣ ಬೇಕಾಗಬಹುದು. ಸ್ವಿಚ್ ಹಾಕಿದಂತೆ ಥಟ್ಟನೆ ಶುರುವಾಗಿ ಥಟ್ಟನೆ ನಿಲ್ಲುವ ಎದೆಬಡಿತವನ್ನು ಹೀಗೆ ನೋಡಲೇಬೇಕು. ಮಲಗಿದ್ದವರು ಎದ್ದು ನಿಂತ 10 ನಿಮಿಷದೊಳಗೆ ರಕ್ತದೊತ್ತಡ ಇಳಿಯದೆಯೂ ನಾಡಿ ನಿಮಿಷಕ್ಕೆ 30 ಅಥವಾ ಹೆಚ್ಚು ಏರುವ ‘ಪಾಟ್ಸ್’ ಎಂಬ ಸ್ಥಿತಿಯನ್ನೂ ಆತಂಕವೆಂದು ತಪ್ಪಾಗಿ ತಿಳಿಯುವುದುಂಟು. ಔಷಧಿಗಳನ್ನೂ ಮರೆಯಬೇಡಿ: ಆಸ್ತಮಾದ ಸಾಲ್ಬುಟಮಾಲ್, ಮೂಗು ಕಟ್ಟಿದ್ದಕ್ಕೆ ನುಂಗುವ ಕೆಲವು ಮಾತ್ರೆಗಳು, ಸ್ಟೆರಾಯ್ಡ್, ಹೆಚ್ಚಾದ ಥೈರಾಕ್ಸಿನ್ ಇವು ಎದೆಬಡಿತ ಮತ್ತು ನಡುಕ ತರಬಲ್ಲವು. ಕಾಫಿ, ಚಹಾ, ಎನರ್ಜಿ ಡ್ರಿಂಕ್‌ಗಳ ಲೆಕ್ಕವನ್ನೂ ಹಿಡಿಯಬೇಕು. ದಿನವೂ ಮದ್ಯ ಸೇವಿಸುವವರು ಬಿಟ್ಟಾಗ ಬರುವ ನಡುಕ, ಬೆವರುಗಳು ಬೇರೆಯೇ ವಿಷಯ, ಅದಕ್ಕೆ ವೈದ್ಯರ ಮೇಲ್ವಿಚಾರಣೆ ಬೇಕು.

ಕಾಯದೆ ತುರ್ತುಚಿಕಿತ್ಸೆಗೆ ಹೋಗಬೇಕಾದ ಸಂದರ್ಭಗಳನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ತೋಳು, ದವಡೆ, ಬೆನ್ನಿಗೆ ಹರಡುವ ಅಥವಾ ಎದೆ ಹಿಂಡುವಂತಹ ನೋವು, ಶ್ರಮದ ವೇಳೆ ಪ್ರಜ್ಞೆ ತಪ್ಪುವುದು, ಮುಖ ಸೊಟ್ಟಗಾಗುವುದು, ಒಂದು ಪಕ್ಕದ ಕೈಕಾಲು ಸೋಲುವುದು, ಮಾತು ತೊದಲುವುದು, ಹಿಂದೆಂದೂ ಕಾಣದಂತಹ ತಲೆನೋವು ಹಠಾತ್ತನೆ ಬರುವುದು, ಒಂದು ಕಾಲಿನ ಊತದ ಜೊತೆಗೆ ಉಬ್ಬಸ ಇವು ಯಾವುದೇ ವಯಸ್ಸಿನಲ್ಲಿ, ಹಿಂದೆ ಎಷ್ಟೇ ಪ್ಯಾನಿಕ್ ಅಟ್ಯಾಕ್ ಆಗಿದ್ದರೂ, ಆತಂಕವೆಂದು ಸುಮ್ಮನಿರುವಂಥವಲ್ಲ. ಕಾರಣವಿಲ್ಲದೆ ತೂಕ ಇಳಿಯುವುದು, ಬಿಡದ ಜ್ವರ, ಮಲದಲ್ಲಿ ರಕ್ತ, ಆಹಾರ ನುಂಗಲಾಗದಿರುವುದು ಇವುಗಳಿಗೂ ಬೇಗನೆ ಪರೀಕ್ಷೆ ಬೇಕು.

ಚರ್ಚೆ ಆರಂಭಿಸಿದವರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಡಾಕ್ಟರ್, ನೀವು ಹೇಳಿದ ಹಾಗೆ ಮೆಟ್ಟಿಲು ಹತ್ತುವಾಗ ನನಗೆ ಯಾವ ತೊಂದರೆಯೂ ಇಲ್ಲ. ಊಟ ಮಾಡುವಾಗ ಗಂಟಲಿನ ಗಂಟು ನೆನಪಿಗೇ ಬರುವುದಿಲ್ಲ. ನೀವು ಕೇಳಿದ ಬೇರೆ ಪ್ರಶ್ನೆಗಳಲ್ಲಿ ದವಡೆಯ ಬಿಗಿತ, ಕತ್ತುನೋವು, ನಡುರಾತ್ರಿಯ ಎಚ್ಚರ ಇವು ಬಹಳ ಕಾಲದಿಂದ ಇವೆ, ಅವನ್ನು ಇದರೊಂದಿಗೆ ಜೋಡಿಸಿ ನೋಡಿರಲಿಲ್ಲ. ಇನ್ನೊಂದು ವಿಷಯ ಹೇಳಬೇಕು. ಸ್ಮಾರ್ಟ್ ವಾಚಿನಲ್ಲಿ ನಾಡಿಯನ್ನು ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಅಂಕಿ ಸರಿಯಿದ್ದರೆ ಸ್ವಲ್ಪ ಹೊತ್ತು ನಿರಾಳ, ತುಸು ಹೆಚ್ಚಿದ್ದರೆ ಕೂಡಲೇ ಅಂತರ್ಜಾಲದಲ್ಲಿ ಹುಡುಕುತ್ತೇನೆ. ಎಚ್ಚರಿಕೆಯಿಂದ ಇರುವುದು ಒಳ್ಳೆಯದಲ್ಲವೇ?

ಉತ್ತರ: ಆಪ್ತಸಮಾಲೋಚಕರು

ಎಚ್ಚರಿಕೆ ಒಳ್ಳೆಯದೇ. ಆದರೆ ನೀವು ವಿವರಿಸಿದ್ದು ಎಚ್ಚರಿಕೆಯ ಗಡಿ ದಾಟಿ, ತೊಂದರೆಯನ್ನು ಉಳಿಸಿಕೊಳ್ಳುವ ಅಭ್ಯಾಸವಾಗಿ ಬೆಳೆದಿದೆ ಎಂದು ನನಗೆ ತೋರುತ್ತದೆ.

ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಪ್ಯಾನಿಕ್ ಅಟ್ಯಾಕ್ ಬೆಳೆಯುವ ಬಗೆಯನ್ನು ಒಂದು ವರ್ತುಲವಾಗಿ ವಿವರಿಸಿದರು. ದೇಹದಲ್ಲಿ ಒಂದು ಸಣ್ಣ ಸಂವೇದನೆ ಹುಟ್ಟುತ್ತದೆ. ಹೃದಯ ಒಂದು ಬಡಿತ ತಪ್ಪಿದಂತೆನಿಸುವುದು ಇರಬಹುದು, ಬೇಗ ಎದ್ದಾಗ ಬಂದ ಕ್ಷಣಿಕ ತಲೆಸುತ್ತು ಇರಬಹುದು. ‘ಇದು ಹೃದಯಾಘಾತದ ಆರಂಭ’ ಎಂದು ಮನಸ್ಸು ಅದಕ್ಕೆ ಅತ್ಯಂತ ಭಯಾನಕವಾದ ಅರ್ಥ ಕೊಡುತ್ತದೆ. ಆ ಅರ್ಥದಿಂದ ಭಯ, ಭಯದಿಂದ ಅಡ್ರಿನಲಿನ್, ಅದರಿಂದ ಇನ್ನಷ್ಟು ಎದೆಬಡಿತ, ಅದನ್ನು ಕಂಡು ‘ನಾನು ಅಂದುಕೊಂಡದ್ದೇ ನಿಜ’ ಎಂಬ ನಂಬಿಕೆ ಹೀಗೆ ವರ್ತುಲ ಸುತ್ತುತ್ತಲೇ ಹೋಗುತ್ತದೆ. ಮೊದಲಿನ ಸಂವೇದನೆಗೆ ಕಾರಣ ಆತಂಕವೇ ಆಗಿರಬೇಕೆಂದಿಲ್ಲ. ನಿದ್ದೆಗೆಟ್ಟದ್ದು, ಒಂದು ಲೋಟ ಹೆಚ್ಚು ಕುಡಿದ ಕಾಫಿ, ಹೊಟ್ಟೆಯುಬ್ಬರ ಯಾವುದಾದರೂ ಸಾಕು.

ನಾಡಿ ನೋಡುವುದು, ರಕ್ತದೊತ್ತಡವನ್ನು ಪದೇ ಪದೇ ಅಳೆಯುವುದು, ಕುತ್ತಿಗೆಯ ಗಂಟು ಮುಟ್ಟಿ ನೋಡುವುದು, ಲಕ್ಷಣಗಳನ್ನು ಹುಡುಕಿ ಓದುವುದು, ‘ನನಗೇನೂ ಆಗಿಲ್ಲ ತಾನೇ?’ ಎಂದು ಮನೆಯವರನ್ನು ಕೇಳುತ್ತಲೇ ಇರುವುದು, ಒಬ್ಬರೇ ಹೊರಗೆ ಹೋಗದಿರುವುದು ಇವನ್ನೆಲ್ಲ ನಾವು ಸುರಕ್ಷತಾ ವರ್ತನೆಗಳು ಎನ್ನುತ್ತೇವೆ. ಪ್ರತಿಯೊಂದೂ ಆ ಕ್ಷಣಕ್ಕೆ ನೆಮ್ಮದಿ ಕೊಡುತ್ತದೆ. ಆದರೆ ‘ನಾಡಿ ನೋಡಿದ್ದರಿಂದ ಉಳಿದುಕೊಂಡೆ’ ಎಂಬ ಪಾಠವನ್ನೇ ಮೆದುಳು ಕಲಿಯುತ್ತದೆ; ನೋಡದಿದ್ದರೂ ಏನೂ ಆಗುತ್ತಿರಲಿಲ್ಲ ಎಂಬುದನ್ನು ಕಲಿಯುವ ಅವಕಾಶ ಅದಕ್ಕೆ ಸಿಗುವುದೇ ಇಲ್ಲ. ಇದರ ಜೊತೆಗೆ, ರಾತ್ರಿ ಕತ್ತಲಲ್ಲಿ ಗಡಿಯಾರದ ಟಿಕ್ ಟಿಕ್‌ಗೆ ಒಮ್ಮೆ ಕಿವಿಗೊಟ್ಟರೆ ಆಮೇಲೆ ಅದೊಂದೇ ಕೇಳುವ ಹಾಗೆ, ದೇಹದ ಒಂದು ಭಾಗಕ್ಕೆ ಸದಾ ಗಮನ ಕೊಟ್ಟರೆ ಅಲ್ಲಿನ ಸಹಜ ಮಿಡಿತ, ಸೆಳೆತಗಳೂ ದೊಡ್ಡದಾಗಿ ತೋರುತ್ತವೆ.

ನಿಮ್ಮ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ಅಗತ್ಯವಾದ ಪರೀಕ್ಷೆಗಳು ಒಮ್ಮೆ ಸರಿಯಾಗಿ ಆದ ಮೇಲೆ ಅವೇ ಪರೀಕ್ಷೆಗಳನ್ನು ಮತ್ತೆ ಮತ್ತೆ ಮಾಡಿಸಿದರೆ ನೆಮ್ಮದಿ ಹೆಚ್ಚುವುದಿಲ್ಲ, ನೆಮ್ಮದಿ ಉಳಿಯುವ ಅವಧಿಯೇ ಕಡಿಮೆಯಾಗುತ್ತ ಹೋಗುತ್ತದೆ. ಸರಿಯಾದ ವರದಿ ಕೈಗೆ ಬಂದ ಮೇಲೂ ಸಂಶಯ ಬೇಗನೆ ಮರಳುತ್ತದೆ ಎಂಬುದೇ ಆರೋಗ್ಯದ ಕುರಿತ ಆತಂಕದ ಬಲವಾದ ಗುರುತುಗಳಲ್ಲಿ ಒಂದು. ವಾಚನ್ನು ಒಮ್ಮೆಲೇ ಬಿಚ್ಚಿಡಬೇಕಾಗಿಲ್ಲ. ನೋಡಬೇಕೆನಿಸಿದ ಕೂಡಲೇ ನೋಡದೆ ಸ್ವಲ್ಪ ತಡಮಾಡಿ, ಆ ತಡವನ್ನು ನಿಧಾನವಾಗಿ ಹೆಚ್ಚಿಸುತ್ತ ಹೋಗಿ. ಚಡಪಡಿಕೆ ಮೊದಲು ಏರಿ, ನೀವು ಏನೂ ಮಾಡದಿದ್ದರೂ ತಾನಾಗಿ ಇಳಿಯುವುದನ್ನು ಗಮನಿಸಿ.

ಉತ್ತರ: ತಂದೆಯ ಬಗ್ಗೆ ಕೇಳುತ್ತಿರುವ ಸದಸ್ಯ

ನನ್ನ ತಂದೆಯವರಿಗೆ 60 ದಾಟಿದೆ. ಹಿಂದೆ ಎಂದೂ ಗಾಬರಿ ಪಟ್ಟವರಲ್ಲ. ಈಚೆಗೆ ನಿದ್ದೆಯಿಂದ ಥಟ್ಟನೆ ಎದ್ದು ಕುಳಿತು, ಉಸಿರು ಕಟ್ಟಿತು, ಎದೆ ಹೊಡೆದುಕೊಳ್ಳುತ್ತಿದೆ ಎನ್ನುತ್ತಾರೆ. ಇದೂ ಪ್ಯಾನಿಕ್ ಅಟ್ಯಾಕ್ ಇರಬಹುದೇ?

ಉತ್ತರ: ಕುಟುಂಬ ವೈದ್ಯೆ

ನಿದ್ದೆಯಲ್ಲಿ ಪ್ಯಾನಿಕ್ ಅಟ್ಯಾಕ್ ಆಗುವುದು ನಿಜ. ಕೆಟ್ಟ ಕನಸು ಇಲ್ಲದೆಯೂ ಅದು ವ್ಯಕ್ತಿಯನ್ನು ಎಬ್ಬಿಸಬಲ್ಲದು. ಆದರೆ ನಿಮ್ಮ ತಂದೆಯವರ ವಿಷಯದಲ್ಲಿ ಅಲ್ಲಿಂದ ಆರಂಭಿಸಬೇಡಿ. ಆತಂಕದ ಕಾಯಿಲೆಗಳು ಹೆಚ್ಚಾಗಿ ಬಾಲ್ಯದಿಂದ ಯೌವನದವರೆಗಿನ ವಯಸ್ಸಿನಲ್ಲಿ ಮೊದಲು ಕಾಣಿಸಿಕೊಳ್ಳುತ್ತವೆ. 60 ದಾಟಿದ ಮೇಲೆ ಮೊದಲ ಬಾರಿಗೆ ಹೀಗಾದರೆ ಹೃದಯದ ವೈಫಲ್ಯ, ಲಯದ ತೊಂದರೆ, ನಿದ್ದೆಯಲ್ಲಿ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾ ಇವನ್ನು ಮೊದಲು ನೋಡಬೇಕು. ಜೋರಾಗಿ ಗೊರಕೆ ಹೊಡೆಯುತ್ತಾರೆಯೇ, ಹಗಲಿನಲ್ಲಿ ತೂಕಡಿಸುತ್ತಾರೆಯೇ, ಪಾದ ಊದಿದೆಯೇ, ಚಪ್ಪಟೆಯಾಗಿ ಮಲಗಲು ಕಷ್ಟವೇ ಎಂದು ಗಮನಿಸಿ, ಈ ವಾರವೇ ಅವರನ್ನು ವೈದ್ಯರ ಬಳಿ ಕರೆದುಕೊಂಡು ಹೋಗಿ.

ಉತ್ತರ: ಶಾಲಾ ಶಿಕ್ಷಕಿ

ಮಕ್ಕಳ ವಿಷಯವನ್ನು ಯಾರೂ ಎತ್ತಲಿಲ್ಲವಾದ್ದರಿಂದ ಒಂದು ಮಾತು ಸೇರಿಸುತ್ತೇನೆ. ‘ನನಗೆ ಆತಂಕವಾಗುತ್ತಿದೆ’ ಎಂದು ಹೇಳಲು ಮಕ್ಕಳಿಗೆ ತಿಳಿಯದು, ಅವರು ಹೊಟ್ಟೆನೋವು ಅಥವಾ ತಲೆನೋವು ಎನ್ನುತ್ತಾರೆ. ಶಾಲೆಯ ದಿನದ ಬೆಳಿಗ್ಗೆ ಬಂದು ರಜೆಯ ದಿನ ಬಾರದ ಹೊಟ್ಟೆನೋವಿನ ಹಿಂದೆ ಪರೀಕ್ಷೆಯ ಭಯವೋ, ಸಹಪಾಠಿಗಳ ಕಾಟವೋ ಇರುವುದನ್ನು ನಾನು ಕಂಡಿದ್ದೇನೆ. ದಯವಿಟ್ಟು ಅಂತಹ ಮಗುವನ್ನು ‘ನಾಟಕ ಮಾಡಬೇಡ’ ಎಂದು ಗದರಬೇಡಿ. ಅದರ ಹೊಟ್ಟೆ ನಿಜವಾಗಿಯೂ ನೋಯುತ್ತಿರುತ್ತದೆ.

ಉತ್ತರ: ಥೈರಾಯ್ಡ್ ತೊಂದರೆ ಇರುವ ಸದಸ್ಯೆ

ಕುಟುಂಬ ವೈದ್ಯೆಯವರನ್ನು ಒಂದು ಪ್ರಶ್ನೆ ಕೇಳಬೇಕಿದೆ. ಕಾಯಿಲೆಯೂ ಇದ್ದು ಆತಂಕವೂ ಇರುವವರು ಏನು ಮಾಡಬೇಕು? ನನ್ನ ಥೈರಾಯ್ಡ್ ಈಗ ಹತೋಟಿಯಲ್ಲಿದೆ. ಆದರೂ ಎದೆ ಸ್ವಲ್ಪ ಜೋರಾಗಿ ಬಡಿದರೆ ಸಾಕು, ಕಾಯಿಲೆ ಮರಳಿತೆಂಬ ಭಯ ಹಿಡಿದುಕೊಳ್ಳುತ್ತದೆ.

ಉತ್ತರ: ಕುಟುಂಬ ವೈದ್ಯೆ

ನೀವು ಬಹಳ ಮುಖ್ಯವಾದ ಪ್ರಶ್ನೆ ಕೇಳಿದ್ದೀರಿ. ಕಾಯಿಲೆ ಮತ್ತು ಆತಂಕಗಳಲ್ಲಿ ಯಾವುದೋ ಒಂದನ್ನು ಆರಿಸಿಕೊಳ್ಳಬೇಕೆಂಬ ನಿಯಮವಿಲ್ಲ. ಆಸ್ತಮಾ ಇರುವವರಿಗೆ ಪ್ಯಾನಿಕ್ ಅಟ್ಯಾಕ್ ಆಗಬಹುದು. ಹೃದಯಾಘಾತದಿಂದ ಚೇತರಿಸಿಕೊಂಡವರಿಗೆ ಪ್ರತಿ ಎದೆನೋವೂ ಹೆದರಿಕೆ ತರಬಹುದು. ಕೆರಳುಕರುಳಿನ ತೊಂದರೆಯಲ್ಲಂತೂ ಕರುಳಿನ ನರಜಾಲ ಮತ್ತು ಮೆದುಳು ಎರಡೂ ದಿಕ್ಕಿನಲ್ಲಿ ಸಂದೇಶ ಕಳುಹಿಸುತ್ತಿರುವುದರಿಂದ ಯಾವುದು ಮೊದಲು ಎಂದು ಬೇರ್ಪಡಿಸುವುದೇ ಕಷ್ಟ. ನಿಮ್ಮಂಥವರಿಗೆ ನಾನು ಹೇಳುವುದಿಷ್ಟು: ಕಾಯಿಲೆಯ ತಪಾಸಣೆಗೆ ವೈದ್ಯರೊಂದಿಗೆ ಮೊದಲೇ ಒಂದು ವೇಳಾಪಟ್ಟಿ ನಿಗದಿಪಡಿಸಿಕೊಳ್ಳಿ, ಯಾವ ಹೊಸ ಲಕ್ಷಣ ಕಂಡರೆ ಅದಕ್ಕೆ ಮುಂಚೆ ಬರಬೇಕೆಂಬುದನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಭಯವಾದಾಗಲೆಲ್ಲ ಪರೀಕ್ಷೆ ಮಾಡಿಸುವ ಅಗತ್ಯ ಆಗ ಬೀಳುವುದಿಲ್ಲ, ಮಾಡಿಸಬೇಕಾದುದು ತಪ್ಪಿಹೋಗುವುದೂ ಇಲ್ಲ.

ಚರ್ಚೆ ಆರಂಭಿಸಿದವರು

ಮುಂದಿನ ಬಾರಿ ವೈದ್ಯರ ಬಳಿ ಹೋಗುವಾಗ ಏನನ್ನು ಸಿದ್ಧಮಾಡಿಕೊಂಡು ಹೋಗಲಿ? ಕಳೆದ ಬಾರಿ ಎದುರಿಗೆ ಕುಳಿತಾಗ ಅರ್ಧದಷ್ಟು ಹೇಳಲು ಮರೆತೆ. ಆತಂಕವೇ ಎಂದು ಖಚಿತವಾದರೆ ಮಾತ್ರೆ ಜೀವನಪೂರ್ತಿ ಬೇಕಾಗುತ್ತದೆಯೇ ಎಂಬ ಅಂಜಿಕೆಯೂ ಇದೆ.

ಉತ್ತರ: ಆಪ್ತಸಮಾಲೋಚಕರು

ಒಂದೆರಡು ವಾರ ಸಣ್ಣ ಟಿಪ್ಪಣಿ ಇಡಿ. ಲಕ್ಷಣ ಯಾವಾಗ ಶುರುವಾಯಿತು, ಎಷ್ಟು ಹೊತ್ತು ಇತ್ತು, ಅದಕ್ಕೆ ಮುಂಚೆ ಏನು ಮಾಡುತ್ತಿದ್ದಿರಿ, ಏನು ತಿಂದಿರಿ ಅಥವಾ ಕುಡಿದಿರಿ, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು, ಆ ಕ್ಷಣದಲ್ಲಿ ತಲೆಯಲ್ಲಿ ಹಾದುಹೋದ ಮಾತು ಏನು ಎಂಬಷ್ಟು ಸಾಕು. ಕೊನೆಯದನ್ನು ಬಿಡಬೇಡಿ. ದಿನದ ಕೊನೆಯಲ್ಲಿ ಒಮ್ಮೆ ಮಾತ್ರ ಬರೆಯಿರಿ. ಗಂಟೆಗೊಮ್ಮೆ ಬರೆಯುತ್ತ ಕುಳಿತರೆ ಅದೂ ವಾಚು ನೋಡುವ ಅಭ್ಯಾಸದಂತೆಯೇ ಆಗಿಬಿಡುತ್ತದೆ. ಆತಂಕದ ಪ್ರಮಾಣವನ್ನು ಅಳೆಯಲು 2006ರಲ್ಲಿ ಪ್ರಕಟವಾದ ಜಿಎಡಿ-7 ಎಂಬ 7 ಪ್ರಶ್ನೆಗಳ ಪಟ್ಟಿಯನ್ನೂ ವೈದ್ಯರೊಂದಿಗೆ ತುಂಬಬಹುದು. ಹಿಂದಿನ 2 ವಾರಗಳ ಬಗ್ಗೆ ಕೇಳುವ ಅದರಲ್ಲಿ ಗರಿಷ್ಠ ಅಂಕ 21, ಸಾಮಾನ್ಯವಾಗಿ 10 ಅಥವಾ ಹೆಚ್ಚು ಬಂದರೆ ಮುಂದಿನ ವಿಚಾರಣೆ ಬೇಕೆಂದು ತಿಳಿಯುತ್ತಾರೆ. ಅದು ಶೋಧನೆಯ ಸಾಧನ, ರೋಗನಿರ್ಣಯವನ್ನು ವೈದ್ಯರೇ ಮಾಡಬೇಕು.

ಉತ್ತರ: ಕುಟುಂಬ ವೈದ್ಯೆ

ಟಿಪ್ಪಣಿಯ ಜೊತೆಗೆ ನೀವು ತೆಗೆದುಕೊಳ್ಳುವ ಎಲ್ಲ ಔಷಧಿ, ಟಾನಿಕ್, ಪೂರಕಗಳ ಪಟ್ಟಿ ಮತ್ತು ಹಳೆಯ ವರದಿಗಳನ್ನು ಕೊಂಡೊಯ್ಯಿರಿ. ‘ಇದು ಆತಂಕವೇ ಆಗಿದ್ದರೆ ಯಾವ ಆಧಾರದ ಮೇಲೆ ಹಾಗೆ ಹೇಳುತ್ತೀರಿ? ಬೇರೆ ಏನನ್ನು ಯೋಚಿಸಿ ಬಿಟ್ಟಿದ್ದೀರಿ?’ ಎಂದು ಕೇಳಲು ಸಂಕೋಚ ಪಡಬೇಡಿ. ಅದು ವೈದ್ಯರಿಗೆ ಅಗೌರವ ತೋರಿದಂತಾಗುವುದಿಲ್ಲ.

ಮಾತ್ರೆಯ ವಿಷಯ: ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಆಲೋಚನೆ ಮತ್ತು ವರ್ತನೆಯ ಮೇಲೆ ಕೆಲಸ ಮಾಡುವ ಸಿಬಿಟಿ ಎಂಬ ಚಿಕಿತ್ಸೆಗೆ ಆತಂಕದಲ್ಲಿ ಒಳ್ಳೆಯ ಆಧಾರವಿದೆ, ಅನೇಕರಿಗೆ ಅದೇ ಸಾಕಾಗುತ್ತದೆ. ಔಷಧಿ ಬೇಕಾದರೆ ಸಾಮಾನ್ಯವಾಗಿ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳನ್ನು ಕೊಡುತ್ತೇವೆ. ಅವು ಕೆಲಸ ಮಾಡಲು ಕೆಲವು ವಾರಗಳು ಬೇಕು. ಮೊದಲ ದಿನಗಳಲ್ಲಿ ಚಡಪಡಿಕೆ, ವಾಕರಿಕೆ ಸ್ವಲ್ಪ ಹೆಚ್ಚಾಗಬಹುದು. ಇದನ್ನು ಮೊದಲೇ ತಿಳಿಸದಿದ್ದರೆ ಆತಂಕವಿರುವವರು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಗುಣವಾದ ಮೇಲೂ ಹಲವು ತಿಂಗಳು ಮುಂದುವರಿಸಿ, ಆಮೇಲೆ ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸುವುದು ವಾಡಿಕೆ. ಆಲ್ಪ್ರಜೋಲಮ್, ಕ್ಲೋನಜೆಪಮ್‌ನಂತಹ ಮಾತ್ರೆಗಳು ಕೂಡಲೇ ಶಮನ ನೀಡಿದರೂ ಅವಲಂಬನೆ ಬೆಳೆಸುತ್ತವೆ, ಆದ್ದರಿಂದ ಅವನ್ನು ಹಳೆಯ ಚೀಟಿ ತೋರಿಸಿ ನೀವೇ ಕೊಂಡು ನುಂಗಬೇಡಿ. ಬಹುಕಾಲದಿಂದ ತೆಗೆದುಕೊಳ್ಳುತ್ತಿರುವವರು ಥಟ್ಟನೆ ನಿಲ್ಲಿಸಲೂ ಬಾರದು. ಹಾಗೆಯೇ, ಉಸಿರು ಏರಿದಾಗ ಕಾಗದದ ಚೀಲದೊಳಗೆ ಉಸಿರಾಡುವ ಹಳೆಯ ಉಪಾಯ ಬೇಡ. ಆ ಉಬ್ಬಸ ಆಸ್ತಮಾದಿಂದಲೋ ಹೃದಯದ ತೊಂದರೆಯಿಂದಲೋ ಬಂದಿದ್ದರೆ ಅದು ಅಪಾಯಕಾರಿ. ದೊಡ್ಡ ಉಸಿರು ಎಳೆಯುವುದನ್ನು ಬಿಟ್ಟು, ಮೂಗಿನಿಂದ ಹಗುರವಾಗಿ ಒಳಗೆಳೆದು, ಒಳಗೆಳೆದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡು ಹೊರಬಿಡಿ. ಕೆಲವು ನಿಮಿಷಗಳಲ್ಲಿ ಬೆರಳಿನ ಜುಮುಜುಮು ಇಳಿದರೆ, ಅದನ್ನೂ ನಿಮ್ಮ ಟಿಪ್ಪಣಿಯಲ್ಲಿ ಬರೆದು ವೈದ್ಯರಿಗೆ ತೋರಿಸಿ.